‘ಆ್ಯಪ್ ನಡೀವಲ್ದು’ ಅಂದರೆ ಸಾಲದು: ಮೊಬೈಲಿನ ದೋಷ ತಿಳಿಸುವ ಬಗೆ



ಆಕಳಿಗೆ ಆರಾಮಿಲ್ಲ ಎಂದು ನೀವು ಫೋನ್ ಮಾಡಿದಾಗ ಪಶುವೈದ್ಯರು ಕೇಳುವ ಪ್ರಶ್ನೆಗಳು ನಿಮಗೆ ಬಾಯಿಪಾಠವಾಗಿವೆ. ಎಂದಿನಿಂದ ಮೇವು ಬಿಟ್ಟಿದೆ, ಮೆಲುಕು ಹಾಕುತ್ತಿದೆಯೇ, ಹೆಂಡಿ ಹೇಗಿದೆ, ಕರು ಹಾಕಿ ಎಷ್ಟು ದಿನವಾಯಿತು, ನಿನ್ನೆ ಹೊಸದಾಗಿ ಏನಾದರೂ ತಿಂದಿತ್ತೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹೆಣ್ಣುಮಕ್ಕಳು ಇದರಲ್ಲಿ ಪಳಗಿದವರು. “ಕರು ಹಾಕಿ ಎರಡು ದಿನ ಆತ್ರೀ, ಮುಂಜಾನಿಂದ ಮಲಗಿದ್ದು ಏಳವಲ್ದು, ಕುತ್ತಿಗಿ ಹೊಳ್ಳಿಸಿ ಹೊಟ್ಟಿ ಮ್ಯಾಲ ಇಟ್ಕೊಂಡೈತಿ, ಕಿವಿ ತಣ್ಣಗಾಗ್ಯಾವು” ಎಂದು ಒಬ್ಬ ತಾಯಿ ಹೇಳಿದರೆ, ಹಾಲುಜ್ವರ ಇರಬಹುದೆಂದು ಕ್ಯಾಲ್ಸಿಯಂ ಬಾಟಲಿ ಆಗಲೇ ಚೀಲಕ್ಕೆ ಬೀಳುತ್ತದೆ. ಆಕಳು ಬದುಕುವುದರಲ್ಲಿ ಅರ್ಧ ಪಾಲು ಆ ನಾಲ್ಕು ಮಾತಿನದು.

ಅದೇ ತಾಯಿ ಮೊಬೈಲಿನ ವಿಷಯಕ್ಕೆ ಬಂದಾಗ ಹೇಳುವುದು ಒಂದೇ ಮಾತು: “ಆ್ಯಪ್ ನಡೀವಲ್ದು.” ಇದು “ಆಕಳಿಗೆ ಆರಾಮಿಲ್ಲ” ಎಂದು ಹೇಳಿ ಫೋನ್ ಇಟ್ಟಂತೆ. ಯಾವ ಆಕಳು, ಏನಾಗಿದೆ, ಎಂದಿನಿಂದ ಎಂಬುದು ಯಾವುದೂ ಇಲ್ಲ. ಕೇಳಿದವರಿಗೆ ಮಾಡಲು ಏನೂ ಉಳಿಯುವುದಿಲ್ಲ. ಆಕಳನ್ನು ನೋಡುವ ಕಣ್ಣನ್ನೇ ಮೊಬೈಲಿನ ಮೇಲೂ ಇಡುವುದು ಹೇಗೆಂದು ಈ ಸಲ ಬರೆಯುತ್ತಿದ್ದೇನೆ. ಪಶುವೈದ್ಯರಿಗೆ ಇದೇಕೆ ಬೇಕು ಎಂದು ನಗಬೇಡಿ. ನಮ್ಮ ಕೆಲಸವೂ ಈಗ ಅರ್ಧ ಮೊಬೈಲಿನಲ್ಲಿದೆ.

ಹಾಲು ತೂಗುವುದು ಇಲೆಕ್ಟ್ರಾನಿಕ್ ತಕ್ಕಡಿ, ಕೊಬ್ಬು ಮತ್ತು ಎಸ್‌ಎನ್‌ಎಫ್ ಹೇಳುವುದು ಯಂತ್ರ, ದರ ಹಾಕುವುದು ಕಂಪ್ಯೂಟರ್, ಬಟವಾಡೆ ಬೀಳುವುದು ಬ್ಯಾಂಕ್ ಖಾತೆಗೆ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವೂ ಖಾತೆಗೇ. ಆಕಳ ಕಿವಿಯಲ್ಲಿರುವ ಹಳದಿ ಓಲೆಯ 12 ಅಂಕಿಯ ಸಂಖ್ಯೆ ದೇಶದ ‘ಭಾರತ್ ಪಶುಧನ್’ ದಾಖಲೆಯಲ್ಲಿ ಕೂರುತ್ತದೆ. ಲಸಿಕೆ, ಕೃತಕ ಗರ್ಭಧಾರಣೆ, ಚಿಕಿತ್ಸೆ ಎಲ್ಲವೂ ಆ ಸಂಖ್ಯೆಯ ಕೆಳಗೆ ಬರೆಯಲ್ಪಡುತ್ತವೆ. ನಾಳೆ ಆಕಳು ಸತ್ತರೆ ವಿಮೆಯವರು ಮೊದಲು ಕೇಳುವುದೂ ಓಲೆಯನ್ನೇ. ಇವುಗಳಲ್ಲಿ ಎಲ್ಲಿಯಾದರೂ ಒಂದು ಅಂಕಿ ತಪ್ಪಿದರೆ ಹೋಗುವುದು ನಿಮ್ಮ ದುಡಿಮೆ.

ತಂತ್ರಾಂಶದ ದೋಷಕ್ಕೆ ‘ಬಗ್’ ಎನ್ನುತ್ತಾರೆ, ಅಂದರೆ ಹುಳ. ಈ ಮಾತು ಯಂತ್ರಗಳ ತೊಂದರೆಗೆ ಬಹಳ ಹಿಂದಿನಿಂದಲೂ ಬಳಕೆಯಲ್ಲಿತ್ತು. ಆದರೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1947ರ ಸೆಪ್ಟೆಂಬರ್ 9ರಂದು ‘ಮಾರ್ಕ್ 2’ ಎಂಬ ದೊಡ್ಡ ಗಣಕಯಂತ್ರದೊಳಗೆ ನಿಜವಾಗಿಯೇ ಒಂದು ಪತಂಗ ಸಿಕ್ಕಿತು. ಅಲ್ಲಿಯವರು ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದರು. ಆ ತಂಡದಲ್ಲಿದ್ದ ಗ್ರೇಸ್ ಹಾಪರ್ ಎಂಬ ಮಹಿಳೆ ಈ ಕಥೆಯನ್ನು ಮುಂದೆ ಲೋಕಕ್ಕೆಲ್ಲ ಹೇಳಿದರು. ನನಗೆ ಪತಂಗಕ್ಕಿಂತ ಅದರ ಪಕ್ಕದ ಬರಹ ಮುಖ್ಯ ಎನಿಸುತ್ತದೆ. ಮಧ್ಯಾಹ್ನ 3 ಗಂಟೆ 45 ನಿಮಿಷ, ‘ಎಫ್’ ಫಲಕ, 70ನೇ ರಿಲೇ ಎಂದು ಹೊತ್ತು ಮತ್ತು ಜಾಗ ಎರಡನ್ನೂ ಬರೆದಿಟ್ಟಿದ್ದಾರೆ. “ಯಂತ್ರ ಕೆಟ್ಟಿದೆ” ಎಂದಷ್ಟೇ ಬರೆದಿದ್ದರೆ ಇನ್ನೊಬ್ಬರಿಗೆ ಎಲ್ಲಿ ನೋಡಬೇಕೆಂದೇ ತಿಳಿಯುತ್ತಿರಲಿಲ್ಲ.

ಈಗಿನ ತಂತ್ರಾಂಶ ಬರೆಯುವವರು ಬೆಂಗಳೂರಿನಲ್ಲೋ ಇನ್ನೆಲ್ಲೋ ಕುಳಿತಿರುತ್ತಾರೆ. ನಿಮ್ಮ ಡೇರಿಯನ್ನು ಅವರು ನೋಡಿಲ್ಲ, ನಿಮ್ಮ ಫೋನು ಅವರ ಕೈಯಲ್ಲಿಲ್ಲ. ದೂರು ಬಂದಾಗ ಅವರು ಮಾಡುವ ಮೊದಲ ಕೆಲಸ, ನಿಮಗೆ ಆದದ್ದನ್ನು ತಮ್ಮ ಎದುರಿನ ಫೋನಿನಲ್ಲಿ ಮತ್ತೆ ಆಗುವಂತೆ ಮಾಡುವುದು. ಜ್ವರ ಇಳಿದ ಮೇಲೆ ಬಂದ ವೈದ್ಯರಿಗೆ ಥರ್ಮಾಮೀಟರ್ ಏನನ್ನು ತೋರಿಸೀತು? ಹಾಗೆಯೇ ದೋಷ ಕಣ್ಣೆದುರು ಕಾಣದಿದ್ದರೆ ಅದನ್ನು ತೆಗೆಯಲೂ ಆಗುವುದಿಲ್ಲ, ತೆಗೆದೆವೋ ಇಲ್ಲವೋ ಎಂದು ಪರೀಕ್ಷಿಸಲೂ ಆಗುವುದಿಲ್ಲ. “ನಮ್ಮಲ್ಲಿ ಸರಿಯಾಗಿಯೇ ಇದೆ” ಎಂದು ಬರೆದು ದೂರನ್ನು ಮುಚ್ಚಿಬಿಡುತ್ತಾರೆ. ಅವರು ಸೋಮಾರಿಗಳೆಂದಲ್ಲ. ಅವರ ಫೋನಿನಲ್ಲಿ ಅದು ನಿಜಕ್ಕೂ ಸರಿಯಾಗಿಯೇ ಇರುತ್ತದೆ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಇದು ತಿಳಿಯಲೆಂದು ಕಟ್ಟಿದ ಲೆಕ್ಕ, ಯಾವ ಸಂಘದ್ದೂ ಅಲ್ಲ. ಒಬ್ಬ ಸದಸ್ಯೆಗೆ ಡೇರಿಯಲ್ಲಿ ಕೊಡುವ ಚೀಟಿಗೂ ಮೊಬೈಲಿನಲ್ಲಿ ಕಾಣುವ ಅಂಕಿಗೂ ಹೊಂದಿಕೆ ಆಗುತ್ತಿಲ್ಲ. ಆಕೆ “ಮೊಬೈಲಿನ್ಯಾಗ ಹಾಲು ಕಡಿಮಿ ತೋರಸ್ತೈತಿ” ಎಂದು ದೂರುತ್ತಾಳೆ. ತಂತ್ರಾಂಶದವರು ತಮ್ಮಲ್ಲಿ 6 ಲೀಟರ್ ಎಂದು ಹಾಕಿ ನೋಡುತ್ತಾರೆ. 6 ಎಂದೇ ತೋರಿಸುತ್ತದೆ. ದೂರು ಮುಗಿಯಿತು.

ಎರಡನೇ ಸಲ ಆಕೆ ಒಂದು ಚೀಟಿಯ ಅಂಕಿಯನ್ನೂ ಕೊಡುತ್ತಾಳೆ: ಚೀಟಿಯಲ್ಲಿ 6.4, ಮೊಬೈಲಿನಲ್ಲಿ 6. ಈಗ ಒಂದು ಹೆಜ್ಜೆ ಮುಂದೆ ಹೋದಂತಾಯಿತು. ಆದರೆ ನೋಡಿದವರು, ಹತ್ತಿರದ ಪೂರ್ಣ ಅಂಕಿಗೆ ತಂದು ತೋರಿಸುತ್ತಿದೆ, ಇದು ಬರೀ ತೋರಿಕೆಯ ವಿಷಯ, ಕೆಲವು ದಿನ ಹೆಚ್ಚು ಕಂಡೀತು ಕೆಲವು ದಿನ ಕಡಿಮೆ ಕಂಡೀತು, ಲೆಕ್ಕ ಸರಿದೂಗುತ್ತದೆ ಎಂದುಕೊಳ್ಳಬಹುದು.

ಮೂರನೇ ಸಲ ಆಕೆ ಮೂರು ದಿನದ ಆರು ಪಾಳಿಯ ಚೀಟಿಗಳನ್ನು ಜೋಡಿಸಿಟ್ಟು ಹೇಳುತ್ತಾಳೆ. ಚೀಟಿಯಲ್ಲಿ 6.4, 5.8, 6.0, 5.5, 6.7, 5.0. ಮೊಬೈಲಿನಲ್ಲಿ 6, 5, 6, 5, 6, 5. ಈಗ ಯಾರಿಗಾದರೂ ತಿಳಿಯುತ್ತದೆ. 5.8 ಇದ್ದದ್ದು 6 ಆಗಿಲ್ಲ, 5 ಆಗಿದೆ. ಅಂದರೆ ಚುಕ್ಕೆಯ ನಂತರದ ಅಂಕಿ ಪ್ರತಿ ಸಲವೂ ಬಿದ್ದುಹೋಗುತ್ತಿದೆ. ಹಾಲಿನ ಪ್ರಮಾಣ ಹಿಡಿಯುವ ಖಾನೆಯನ್ನು ಪೂರ್ಣ ಅಂಕಿಗೆ ಮಾತ್ರ ಎಂದು ಎಲ್ಲಿಯೋ ಬರೆದಿದ್ದಾರೆ ಎಂದು ತಂತ್ರಾಂಶದವರು ಆ ಆರು ಅಂಕಿಯಿಂದಲೇ ಊಹಿಸಬಲ್ಲರು. 6.0 ಮತ್ತು 5.0 ಇದ್ದ ಪಾಳಿಗಳಲ್ಲಿ ತಪ್ಪು ಕಾಣಲಿಲ್ಲ ಎಂಬುದೂ ಸುಳಿವೇ. ಅದಕ್ಕೇ ಸರಿಯಾಗಿದ್ದ ದಿನದ ಅಂಕಿಯನ್ನೂ ಸೇರಿಸಿ ಕೊಡಿ ಎನ್ನುವುದು.

ಚೀಟಿಯ ಮೊತ್ತ 35.4 ಲೀಟರ್, ಮೊಬೈಲಿನ ಮೊತ್ತ 33. ಮೂರು ದಿನಕ್ಕೆ 2.4 ಲೀಟರ್ ಕಡಿಮೆ, ಹತ್ತು ದಿನಕ್ಕೆ 8 ಲೀಟರ್. ಇಲ್ಲಿ ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿದೆ: ಬಟವಾಡೆ ಪಟ್ಟಿಯಲ್ಲಿ ಯಾವ ಅಂಕಿ ಹಿಡಿದಿದ್ದಾರೆ? ಚೀಟಿಯದ್ದಾದರೆ ದೋಷ ಕಣ್ಣಿಗೆ ಮಾತ್ರ, ನಿಧಾನಕ್ಕೆ ಸರಿಮಾಡಲಿ. ಮೊಬೈಲಿನದ್ದಾದರೆ ಹಾಲಿನ ಹಣವೂ ಹೋಗುತ್ತಿದೆ, ಪ್ರೋತ್ಸಾಹಧನದಲ್ಲೇ ಹತ್ತು ದಿನಕ್ಕೆ 40 ರೂಪಾಯಿ ಹೋಗುತ್ತಿದೆ. ದೂರಿನಲ್ಲಿ ಈ ಮಾತನ್ನು ಮೊದಲ ಸಾಲಿನಲ್ಲೇ ಹಾಕಿ. ನೂರು ದೂರುಗಳಲ್ಲಿ ಯಾವುದನ್ನು ಮೊದಲು ಹಿಡಿಯಬೇಕೆಂದು ಅವರು ನೋಡುವುದೇ ಇದನ್ನು.

ಇದರಿಂದಾಗಿ ನಾನು ಎಲ್ಲರಿಗೂ ಹೇಳುವುದು, ಡೇರಿಯ ಚೀಟಿಯನ್ನು ಚಹಾಪುಡಿ ಕಟ್ಟಲು ಬಳಸಬೇಡಿ. ಬಟವಾಡೆ ಆಗಿ ಲೆಕ್ಕ ತಾಳೆಯಾಗುವವರೆಗೆ ಒಂದು ದಾರಕ್ಕೆ ಪೋಣಿಸಿಡಿ. ಚೀಟಿಯ ಮಸಿ ಬಿಸಿಲಿಗೆ ಬೇಗ ಮಾಸುತ್ತದೆ. ಮನೆಯಲ್ಲಿ ಓದುವ ಮಗಳಿದ್ದರೆ ನೋಟ್‌ಬುಕ್ಕಿನಲ್ಲಿ ದಿನಾಂಕ, ಪಾಳಿ, ಲೀಟರ್, ಕೊಬ್ಬು, ಎಸ್‌ಎನ್‌ಎಫ್ ಬರೆಸಿಡಿ.

ದಿನಾಂಕ ಎಂದೆ. “ಎಳ್ಳ ಅಮಾಸಿ ಹಿಂದಿನ ದಿನ ಸಂಜಿಕ” ಎಂದರೆ ನನಗೆ ಸಾಕು, “ಕಾರಹುಣ್ಣಿಮಿ ಆದ ಮ್ಯಾಲ ಬೆದಿಗೆ ಬಂದಿತ್ತು” ಎಂದರೂ 21 ದಿನ ಎಣಿಸಿ ಮುಂದಿನ ಬೆದೆ ಹೇಳಬಲ್ಲೆ. ತಂತ್ರಾಂಶದ ದಾಖಲೆಯಲ್ಲಿ ಮಾತ್ರ ಅಮಾಸಿ ಹುಣ್ಣಿಮೆ ಇರುವುದಿಲ್ಲ. ಅಲ್ಲಿ ಎಲ್ಲವೂ ತಾರೀಖು, ಗಂಟೆ, ನಿಮಿಷದ ಕ್ರಮದಲ್ಲಿ ಸಾಲಾಗಿ ಕುಳಿತಿರುತ್ತವೆ. ನೀವು ಹೊತ್ತು ಸರಿಯಾಗಿ ಕೊಟ್ಟರೆ ಅವರು ಆ ಸಾಲಿಗೇ ನೇರವಾಗಿ ಹೋಗಿ ನೋಡುತ್ತಾರೆ.

ಹೆಜ್ಜೆಗಳನ್ನೂ ಹೇಳಬೇಕು. ಆ್ಯಪ್ ತೆರೆದ ಮೇಲೆ ಮೊದಲು ಏನನ್ನು ಒತ್ತಿದಿರಿ, ಆಮೇಲೆ ಏನನ್ನು, ಯಾವ ಪುಟದಲ್ಲಿ ನಿಂತಿತು. ಒತ್ತಿದಾಗ ಏನಾಗಬೇಕಿತ್ತು, ಏನಾಯಿತು, ಎರಡನ್ನೂ ಬೇರೆಬೇರೆ ಹೇಳಿ. “ನಡೀವಲ್ದು” ಎಂಬ ಒಂದೇ ಮಾತಿನೊಳಗೆ ಎಷ್ಟು ಬೇನೆಗಳಿವೆ ನೋಡಿ: ತೆರೆಯುವುದೇ ಇಲ್ಲ, ತೆರೆದು ತಾನೇ ಮುಚ್ಚಿಕೊಳ್ಳುತ್ತದೆ, ಚಕ್ರ ತಿರುಗುತ್ತಲೇ ಇರುತ್ತದೆ, ಕೆಂಪು ಅಕ್ಷರದಲ್ಲಿ ಏನೋ ಬರುತ್ತದೆ, ಹಳೆಯ ಅಂಕಿಯನ್ನೇ ತೋರಿಸುತ್ತದೆ. ಹೊಟ್ಟೆ ಉಬ್ಬರಕ್ಕೂ ಕೆಚ್ಚಲು ಬಾವಿಗೂ ಒಂದೇ ಔಷಧ ಕೊಟ್ಟಂತೆ ಇವಕ್ಕೆಲ್ಲ ಒಂದೇ ಪರಿಹಾರ ಇಲ್ಲ. ಕೆಂಪು ಅಕ್ಷರದ ಸೂಚನೆ ಇಂಗ್ಲಿಷಿನಲ್ಲಿ ಬಂದು ಅರ್ಥವಾಗದಿದ್ದರೆ ಚಿಂತೆ ಬೇಡ, ಮುಚ್ಚುವ ಮೊದಲು ಪರದೆಯ ಚಿತ್ರ ಹಿಡಿಯಿರಿ. ಬಹಳಷ್ಟು ಫೋನುಗಳಲ್ಲಿ ಪವರ್ ಗುಂಡಿ ಮತ್ತು ಧ್ವನಿ ಕಡಿಮೆ ಮಾಡುವ ಗುಂಡಿಯನ್ನು ಒಟ್ಟಿಗೆ ಒತ್ತಿದರೆ ಚಿತ್ರ ಉಳಿಯುತ್ತದೆ.

ಪ್ರತಿ ಸಲವೂ ಆಗುತ್ತದೆಯೋ, ಒಮ್ಮೊಮ್ಮೆಯೋ? ಇದು ಬಹಳ ಬೆಲೆಯುಳ್ಳ ಪ್ರಶ್ನೆ. ಒಮ್ಮೊಮ್ಮೆ ಬರುವ ದೋಷವೇ ಎಲ್ಲಕ್ಕಿಂತ ಕಾಟದ್ದು, ವೈದ್ಯರು ಬಂದಾಗ ಮಾತ್ರ ಚೆನ್ನಾಗಿ ಮೇಯುವ ಎಮ್ಮೆಯಂತೆ. ಆಗ ಒಂದೊಂದನ್ನೇ ಬದಲಿಸಿ ನೋಡಬೇಕು. ಹಾಲು ಕಡಿಮೆಯಾದಾಗ ಹಿಂಡಿಯನ್ನೂ ಮೇವನ್ನೂ ಹಿಂಡುವವರನ್ನೂ ಒಂದೇ ದಿನ ಬದಲಿಸಿದರೆ ಕಾರಣ ಯಾವುದೆಂದು ತಿಳಿಯದು. ಅದೇ ರೀತಿ: ಮನೆಯಲ್ಲಿ ಆಗದ್ದು ಊರ ಹೊರಗೆ ನೆಟ್‌ವರ್ಕ್ ಚೆನ್ನಾಗಿರುವಲ್ಲಿ ಆಗುತ್ತದೆಯೇ? ನಿಮ್ಮ ಫೋನಿನಲ್ಲಿ ಆಗದ್ದು ನೆರೆಮನೆಯವರ ಫೋನಿನಲ್ಲಿ ಆಗುತ್ತದೆಯೇ? ಆ್ಯಪ್ ಹೊಸದಾಗಿ ಅಪ್‌ಡೇಟ್ ಆದ ದಿನದಿಂದ ಶುರುವಾಯಿತೇ? ಫೋನಿನ ಕಂಪನಿ, ಮಾದರಿ, ಆ್ಯಪಿನ ಆವೃತ್ತಿ ಸಂಖ್ಯೆ ಇವನ್ನೂ ಬರೆಯಿರಿ. ಆವೃತ್ತಿ ಸಂಖ್ಯೆ ಸಾಮಾನ್ಯವಾಗಿ ಆ್ಯಪಿನ ಸೆಟ್ಟಿಂಗ್ಸ್‌ನ ಕೊನೆಯಲ್ಲಿರುತ್ತದೆ. ಇಂಡಿಯ ಒಬ್ಬರಿಗೂ ಮುದ್ದೇಬಿಹಾಳದ ಒಬ್ಬರಿಗೂ ಅದೇ ತೊಂದರೆ ಇದೆಯೆಂದರೆ ಒಂದು ಸಂಘದ ಯಂತ್ರದ ಮೇಲೆ ಸಂಶಯಪಡುವ ಕೆಲಸ ಉಳಿಯಿತು.

ಎಲ್ಲ ತಪ್ಪೂ ತಂತ್ರಾಂಶದ್ದಲ್ಲ, ಇದನ್ನು ಗಟ್ಟಿಯಾಗಿ ಹೇಳಬೇಕು. ಕೊಬ್ಬಿನ ಅಂಶ ಇದ್ದಕ್ಕಿದ್ದಂತೆ ಇಳಿದರೆ ಎಲ್ಲರೂ ಮೊದಲು ಯಂತ್ರವನ್ನು ಬೈಯುತ್ತಾರೆ. ಹಿಂಡುವಾಗ ಮೊದಲ ಹಾಲಿನಲ್ಲಿ ಕೊಬ್ಬು ಕಡಿಮೆ, ಕೊನೆಯ ಹಾಲಿನಲ್ಲಿ ಹೆಚ್ಚು. ಕೊನೆಯ ಹಾಲನ್ನು ಕರುವಿಗೆ ಬಿಟ್ಟ ದಿನ ಡೇರಿಗೆ ಹೋಗುವುದು ತೆಳುವಾದ ಹಾಲೇ. ಜೋಳದ ಕಣಿಕೆ ಕಡಿಮೆ ಮಾಡಿ ಹಿಂಡಿ ಹೆಚ್ಚು ಹಾಕಿದರೂ ಕೊಬ್ಬು ಇಳಿಯುತ್ತದೆ. ಕ್ಯಾನಿನಲ್ಲಿ ಕೆನೆ ಮೇಲೆ ನಿಂತಿರುವಾಗ ಕಲಕದೆ ಮಾದರಿ ತೆಗೆದರೆ, ಅಥವಾ ಹಾಲಿನಲ್ಲಿ ನೊರೆ, ಗಾಳಿಗುಳ್ಳೆ ಇದ್ದರೆ ಯಂತ್ರ ತಪ್ಪು ಓದುತ್ತದೆ. ಯಂತ್ರದ ಮೇಲೆ ಸಂಶಯವಿದ್ದರೆ ಚೆನ್ನಾಗಿ ಕಲಕಿದ ಒಂದೇ ಮಾದರಿಯನ್ನು ನಿಮ್ಮೆದುರೇ ಎರಡು ಸಲ ಓದಿಸಲು ಕೇಳಿ. ಎರಡು ಓದಿನಲ್ಲಿ ಬಹಳ ಅಂತರ ಬಂದರೆ ಅದನ್ನು ಬರೆದುಕೊಡಿ. ಆಮ್ಲ ಹಾಕಿ ಮಾಡುವ ಹಳೆಯ ಗರ್ಬರ್ ಪರೀಕ್ಷೆ ಇಂಥ ಜಗಳಕ್ಕೆ ಇಂದಿಗೂ ಒಳ್ಳೆಯ ಪಂಚ.

ಕೆಲವು ಸಲ ತಪ್ಪು ದಾಖಲೆಯಲ್ಲಿರುತ್ತದೆ. ಕಂದು ರೋಗ ಎಂದು ನಾವು ಕರೆಯುವ ಬ್ರೂಸೆಲ್ಲಾಕ್ಕೆ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಮಾತ್ರ, ಜೀವಮಾನದಲ್ಲಿ ಒಮ್ಮೆ ಲಸಿಕೆ. ಕರುವಿನ ಹುಟ್ಟಿದ ದಿನ ಒಂದು ವರ್ಷ ಹಿಂದೆ ಬರೆದಿದ್ದರೆ, ಇಲ್ಲವೇ ಹೆಣ್ಣು ಎಂಬಲ್ಲಿ ಗಂಡು ಎಂದು ಬಿದ್ದಿದ್ದರೆ, ಆ ಲಸಿಕೆಯನ್ನು ದಾಖಲಿಸಲು ತಂತ್ರಾಂಶ ಒಪ್ಪದಿರಬಹುದು. ಆಗ ತಂತ್ರಾಂಶ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಸರಿಮಾಡಬೇಕಾದದ್ದು ಹುಟ್ಟಿದ ದಿನವನ್ನು. ಓಲೆ ಬಿದ್ದುಹೋಗಿ ಹೊಸದು ಹಾಕಿಸಿದಾಗ ಹಳೆಯ ಸಂಖ್ಯೆಯನ್ನು ಹೇಳದಿದ್ದರೆ ಒಂದೇ ಆಕಳು ದಾಖಲೆಯಲ್ಲಿ ಎರಡಾಗಿ, ಅರ್ಧ ಲಸಿಕೆ ಒಂದರ ಹೆಸರಲ್ಲಿ, ಅರ್ಧ ಇನ್ನೊಂದರ ಹೆಸರಲ್ಲಿ ಕೂತುಬಿಡುತ್ತದೆ. ಓಲೆ ಹಾಕಿಸಿದ ದಿನವೇ ಸಂಖ್ಯೆ ಓದುವಂತೆ ಒಂದು ಫೋಟೋ ತೆಗೆದಿಡಿ.

ಇನ್ನು ಹಣ ಬಂದಿಲ್ಲ ಎಂಬ ದೂರು. ಆಧಾರ್ ಮೂಲಕ ಬರುವ ಹಣ, ನೀವು ಕೊನೆಯದಾಗಿ ಯಾವ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿ ನೇರ ಹಣಕ್ಕೆ ಒಪ್ಪಿಗೆ ಕೊಟ್ಟಿದ್ದೀರೋ ಅಲ್ಲಿಗೆ ಹೋಗುತ್ತದೆ. ಹಳೆಯ ಪಾಸ್‌ಬುಕ್ಕನ್ನೇ ತುಂಬಿಸಿ ತುಂಬಿಸಿ ನೋಡುತ್ತಿದ್ದರೆ ಕಾಣುವುದಿಲ್ಲ. ದೂರು ಕೊಡುವ ಮೊದಲು ಮನೆಯಲ್ಲಿರುವ ಎಲ್ಲ ಪಾಸ್‌ಬುಕ್ಕುಗಳನ್ನು ನೋಡಿ.

ಕನ್ನಡ ಅಕ್ಷರದ ದೋಷಗಳನ್ನು ಹೇಳಲು ನಮ್ಮ ಹೆಣ್ಣುಮಕ್ಕಳು ಸಂಕೋಚಪಡುತ್ತಾರೆ, ತಮಗೇ ಓದಲು ಬರುವುದಿಲ್ಲವೇನೋ ಎಂದುಕೊಳ್ಳುತ್ತಾರೆ. ನಿಮ್ಮ ಓದಿನ ಕೊರತೆ ಅಲ್ಲ ಅದು. ‘ಮಹಾಲಕ್ಷ್ಮೀ’ ಎಂಬ ಹೆಸರು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರಿನ ಯೂನಿಕೋಡ್ ಲೆಕ್ಕದಲ್ಲಿ ಮೂಲಾಕ್ಷರ, ಕಾಗುಣಿತದ ಗುರುತು, ಒತ್ತು ಕೂಡಿಸುವ ಗುರುತು ಎಲ್ಲವೂ ಬೇರೆಬೇರೆಯಾಗಿ ಹತ್ತು ಸಂಕೇತಗಳಾಗುತ್ತವೆ. ಹೆಸರಿನ ಖಾನೆಗೆ ಎಂಟು ಎಂದು ಮಿತಿ ಹಾಕಿದರೆ ಚಿಕ್ಕ ಇಂಗ್ಲಿಷ್ ಹೆಸರು ಹಾಕಿ ಪರೀಕ್ಷಿಸಿದವರಿಗೆ ಏನೂ ತಿಳಿಯದು, ಇಲ್ಲಿ ಮಹಾಲಕ್ಷ್ಮೀಯ ಕೊನೆಯ ಅಕ್ಷರ ಮುರಿದು ಬೀಳುತ್ತದೆ. ಹೆಸರು ತುಂಡಾಗಿದ್ದರೆ, ಒತ್ತಕ್ಷರ ಬೇರೆಯಾಗಿ ನಿಂತಿದ್ದರೆ, ಅಕ್ಷರದ ಜಾಗದಲ್ಲಿ ಚೌಕ ಡಬ್ಬಿಗಳು ಕಂಡರೆ, ಚಿತ್ರ ತೆಗೆದು ಪೂರ್ತಿ ಹೆಸರನ್ನೂ ಟೈಪ್ ಮಾಡಿ ಕಳಿಸಿ. ಇದನ್ನು ಕನ್ನಡದಲ್ಲಿ ಬಳಸುವ ನೀವು ಹೇಳದಿದ್ದರೆ ಬೇರೆ ಯಾರೂ ಹೇಳಲಾರರು.

ಚಿತ್ರ ಕಳಿಸುವಾಗ ಒಂದು ಎಚ್ಚರ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ಚಿತ್ರದಲ್ಲಿ ಕಂಡರೆ ಅಳಿಸಿ ಕಳಿಸಿ. ಓಟಿಪಿ, ಪಿನ್ ಯಾವ ದೂರಿಗೂ ಬೇಕಾಗುವುದಿಲ್ಲ. ಯಾರಾದರೂ ಫೋನ್ ಮಾಡಿ “ನಿಮ್ಮ ಆ್ಯಪ್ ಸರಿಮಾಡುತ್ತೇವೆ, ಓಟಿಪಿ ಹೇಳಿ, ಈ ಫೈಲ್ ಹಾಕಿಕೊಳ್ಳಿ” ಎಂದರೆ ಅವರು ಕಳ್ಳರು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. 1962 ಆಕಳು ಎಮ್ಮೆಗಳ ತುರ್ತಿಗೆ ಇರುವ ಸಂಖ್ಯೆ, ಅಲ್ಲಿಗೆ ಬಟವಾಡೆಯ ದೂರು ಹೇಳಿ ಸಾಲು ಹಿಡಿಯಬೇಡಿ.

ದೂರನ್ನು ಮೊದಲು ಸಂಘದ ಕಾರ್ಯದರ್ಶಿಗೆ, ಅಲ್ಲಿ ಆಗದಿದ್ದರೆ ನಿಮ್ಮ ಭಾಗದ ವಿಸ್ತರಣಾಧಿಕಾರಿಗೆ ಕೊಡಿ. ಬಾಯಿಮಾತಿನಲ್ಲಿ ಬೇಡ. ಬಾಯಿಮಾತು ಮೂರು ಕೈ ದಾಟುವಷ್ಟರಲ್ಲಿ ಮತ್ತೆ “ಆ್ಯಪ್ ನಡೀವಲ್ದು” ಆಗಿಬಿಡುತ್ತದೆ. ಬರೆಯಲು ಬೇಸರವಾದರೆ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸಿ, ಆದರೆ ಅಂಕಿಗಳನ್ನು ಮಾತ್ರ ಬರೆದೇ ಕೊಡಿ. ಹೀಗೆ ಬರೆದರೆ ಸಾಕು:

“ನನ್ನ ಸದಸ್ಯ ಸಂಖ್ಯೆ ಇಂಥದ್ದು. ಸೋಮವಾರ ಸಂಜೆ ಪಾಳಿ, 6 ಗಂಟೆ 20 ನಿಮಿಷಕ್ಕೆ ಹಾಲು ಹಾಕಿದೆ. ಚೀಟಿಯಲ್ಲಿ 5.8 ಲೀಟರ್ ಇದೆ. ರಾತ್ರಿ 8 ಗಂಟೆಗೆ ಆ್ಯಪ್ ತೆರೆದು, ‘ನನ್ನ ಹಾಲು’ ಒತ್ತಿ, ಆ ದಿನಾಂಕ ಆರಿಸಿದೆ. 5 ಲೀಟರ್ ತೋರಿಸಿತು. ಮೂರು ದಿನದಿಂದ ಚುಕ್ಕೆ ಇರುವ ಪಾಳಿಗಳಲ್ಲೆಲ್ಲ ಹೀಗೇ, 6.0 ಇದ್ದಾಗ ಸರಿ ಇತ್ತು. ಪಕ್ಕದ ಮನೆಯವರ ಫೋನಿನಲ್ಲೂ ಹೀಗೇ ಇದೆ. ಬಟವಾಡೆಯಲ್ಲಿ ಯಾವ ಅಂಕಿ ಹಿಡಿಯುತ್ತಾರೆ ತಿಳಿಸಿ. ಚೀಟಿ ಮತ್ತು ಪರದೆಯ ಚಿತ್ರ ಜೊತೆಗಿವೆ.”

ಕಾರಣ ಏನೆಂದು ನೀವು ಹೇಳಬೇಕಾಗಿಲ್ಲ, ಕಂಡದ್ದನ್ನು ಹೇಳಿದರೆ ಆಯಿತು. “ಕಾರ್ಯದರ್ಶಿಯೇ ಕಡಿಮೆ ಬರೆಯುತ್ತಿದ್ದಾರೆ” ಎಂದು ಶುರುಮಾಡಿದರೆ ದೂರು ಜಗಳವಾಗುತ್ತದೆ, ಆರು ಅಂಕಿಗಳನ್ನು ಯಾರೂ ನೋಡುವುದಿಲ್ಲ. ನಿಜಕ್ಕೂ ಯಾರಾದರೂ ಕಡಿಮೆ ಬರೆಯುತ್ತಿದ್ದರೆ ಅದನ್ನೂ ಆ ಅಂಕಿಗಳೇ ತೋರಿಸುತ್ತವೆ. ಕೊಟ್ಟ ದಿನಾಂಕ ಬರೆದಿಟ್ಟುಕೊಳ್ಳಿ, ದೂರು ಸಂಖ್ಯೆ ಕೊಟ್ಟರೆ ಕೇಳಿ ಪಡೆಯಿರಿ, ಮುಂದಿನ ಬಟವಾಡೆ ಬರುವಷ್ಟರಲ್ಲಿ ಒಮ್ಮೆ ವಿಚಾರಿಸಿ.

ಸರಿಮಾಡಿದೆವು ಎಂದು ಉತ್ತರ ಬಂದ ಮೇಲೆ ಆ್ಯಪನ್ನು ಅಪ್‌ಡೇಟ್ ಮಾಡಿ, ಮೊದಲಿನ ಹೆಜ್ಜೆಗಳನ್ನೇ ಅದೇ ಕ್ರಮದಲ್ಲಿ ಮಾಡಿ ನೋಡಿ. ಚುಕ್ಕೆ ಇರುವ ಪಾಳಿಯಲ್ಲೂ ನೋಡಿ, ಇಲ್ಲದ ಪಾಳಿಯಲ್ಲೂ ನೋಡಿ. ಹಿಂದೆ ಕಡಿಮೆ ಬಿದ್ದ ಲೀಟರುಗಳು ಮುಂದಿನ ಬಟವಾಡೆಯಲ್ಲಿ ಸೇರಿವೆಯೇ ಎಂದು ಚೀಟಿ ಹಿಡಿದು ಕೂಡಿಸಿ ನೋಡಿದ ಮೇಲೆಯೇ ಆ ದಾರ ಬಿಚ್ಚಿ.